ನೋಯುವ ಮಂಡಿಗೂ ಬಸ್ಕಿ ಬೇಕು

ಮಂಡಿ ನೋಯತೊಡಗಿದರೆ ಮನೆಯವರೆಲ್ಲ ಹೇಳುವುದು ಒಂದೇ: ಕೆಳಗೆ ಕೂರಬೇಡ, ಮೆಟ್ಟಿಲು ಹತ್ತಬೇಡ. ಕಾಳಜಿಯ ಈ ಮಾತು ನಾಲ್ಕು ದಿನದ ಮಟ್ಟಿಗೆ ಸರಿ, ವರ್ಷಗಟ್ಟಲೆ ಪಾಲಿಸಿದರೆ ಮಂಡಿಗೇ ನಷ್ಟ. ಕೀಲಿನ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಭಾರ ಬಿದ್ದು, ಸಡಿಲಗೊಂಡು, ಮತ್ತೆ ಬೀಳುವಾಗ ಕೀಲಿನ ದ್ರವ ಒಳಹೊರಗೆ ಹರಿದು ಅದಕ್ಕೆ ಪೋಷಣೆ ಸಿಗುತ್ತದೆ. ಕಾಲಿಗೆ ಕೆಲಸವೇ ಇಲ್ಲವಾದರೆ ತೊಡೆಯ ಸ್ನಾಯು ಸೊರಗುತ್ತದೆ, ಕುರ್ಚಿಯಿಂದ ಏಳುವುದೂ ಕಷ್ಟವಾಗುತ್ತದೆ, ನೋವಿಗೆ ಹೆದರಿ ಓಡಾಟ ಇನ್ನಷ್ಟು ಕುಗ್ಗುತ್ತದೆ. ಮಂಡಿ ಸವೆತವಿರುವವರಿಗೆಲ್ಲ ಅವರವರಿಗೆ ಹೊಂದುವ ವ್ಯಾಯಾಮ ಕೊಡಿ ಎಂದು ಬ್ರಿಟನ್ನಿನ ಆರೋಗ್ಯ ಸಂಸ್ಥೆ ನೈಸ್‌ನ 2022ರ ಮಾರ್ಗಸೂಚಿ ಹೇಳುತ್ತದೆ. ಶುರುವಿನಲ್ಲಿ ನೋವು ತುಸು ಹೆಚ್ಚಬಹುದೆಂದೂ ತಿಳಿಸುತ್ತದೆ.

ಬಸ್ಕಿಯಲ್ಲಿ ಮಂಡಿ ಕಾಲ್ಬೆರಳನ್ನು ದಾಟಲೇಬಾರದು ಎಂಬ ನಿಯಮ ಜಿಮ್‌ಗಳಲ್ಲಿ ಇಂದಿಗೂ ಕೇಳಿಬರುತ್ತದೆ. 2003ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಭಾರ ಎತ್ತುವ ಅಭ್ಯಾಸವಿದ್ದ ಏಳು ಗಂಡಸರ ಮಂಡಿಯ ಮುಂದೆ ಹಲಗೆಯಿಟ್ಟು ತಡೆದಾಗ, ಮಂಡಿಯ ಮೇಲಿನ ತಿರುಚುಬಲ ಸುಮಾರು ಐದನೇ ಒಂದು ಭಾಗ ತಗ್ಗಿತು. ಸೊಂಟದ ಕೀಲಿನ ಮೇಲಿನದು ಹತ್ತು ಪಟ್ಟಿಗೂ ಮಿಕ್ಕಿತು. ಭಾರ ಮಾಯವಾಗಲಿಲ್ಲ, ಜಾಗ ಬದಲಿಸಿತು. ಆದ್ದರಿಂದ ಸೊಂಟವನ್ನು ಹಿಂದಕ್ಕೆ ತಳ್ಳುವುದು ನೋವಿರುವವರಿಗೆ ಒಳ್ಳೆಯ ಆರಂಭ, ಆಜೀವ ಕಟ್ಟಳೆಯಲ್ಲ. ಎತ್ತರದ, ಅಲುಗದ ಕುರ್ಚಿಯ ಮುಂದೆ ಪಾದಗಳನ್ನು ಭುಜದಷ್ಟು ಅಗಲಿಸಿ, ಬೆರಳುಗಳನ್ನು ತುಸು ಹೊರಕ್ಕೆ ತಿರುಗಿಸಿ ನಿಲ್ಲಿ. ಹಿಮ್ಮಡಿ ನೆಲ ಬಿಡದಂತೆ, ಮಂಡಿಗಳು ಒಳಕ್ಕೆ ವಾಲದೆ ಪಾದದ ದಿಕ್ಕಿನಲ್ಲೇ ಸಾಗುವಂತೆ ನಿಧಾನವಾಗಿ ಕೂತು ಏಳಿ. ಹದ ಬಂದ ಮೇಲೆ ಕುರ್ಚಿಯ ಎತ್ತರ ತಗ್ಗಿಸಿ. ಗರಡಿಯ ಪೈಲ್ವಾನರಂತೆ ಪೂರ್ತಿ ಕೂರಬೇಕೆಂದೇನೂ ಇಲ್ಲ.

ಇಂಥ ವ್ಯಾಯಾಮದಿಂದ ನೋವು ನಿಜಕ್ಕೂ ತಗ್ಗುತ್ತದೆಯೇ ಎಂಬ ಆಕ್ಷೇಪ ನ್ಯಾಯವಾದದ್ದೇ. 2021ರಲ್ಲಿ ಪ್ರಕಟವಾದ, 377 ಮಂದಿಯ ಅಮೆರಿಕದ ಪ್ರಯೋಗದಲ್ಲಿ 18 ತಿಂಗಳು ಭಾರೀ ತೂಕ ಎತ್ತಿದವರ ನೋವು, ಹಗುರ ತೂಕ ಎತ್ತಿದವರಿಗಿಂತ ಅಥವಾ ಆರೋಗ್ಯ ಪಾಠವಷ್ಟೇ ಕೇಳಿದವರಿಗಿಂತ ಗಮನಾರ್ಹವಾಗಿ ಇಳಿಯಲಿಲ್ಲ. ಆದರೆ 54 ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದ 2015ರ ಕಾಕ್ರೇನ್ ವಿಮರ್ಶೆಯಲ್ಲಿ ವ್ಯಾಯಾಮದಿಂದ ನೋವು ಸಾಧಾರಣ ಮಟ್ಟಿಗೆ ತಗ್ಗಿದ್ದು ಕಂಡಿತ್ತು. ಎರಡನ್ನೂ ಜೊತೆಗಿಟ್ಟು ನೋಡಿದರೆ, ವ್ಯಾಯಾಮ ಪವಾಡವಲ್ಲ. ಕಬ್ಬಿಣದ ಭಾರ ಹೊರಬೇಕಾದ ಅಗತ್ಯವೂ ಇಲ್ಲ. ಹಾಗಾಗಿಯೇ ಕುರ್ಚಿಯ ಬಸ್ಕಿ ಅರವತ್ತು ದಾಟಿದವರಿಗೂ ಎಟುಕುತ್ತದೆ. ಮಾಡುವಾಗ ಸಹಿಸುವಷ್ಟು ನೋವಿದ್ದು ಮರುದಿನದೊಳಗೆ ಇಳಿದರೆ ಮುಂದುವರಿಸಬಹುದು, ಉಳಿದರೆ ಆಳವನ್ನೋ ಸಂಖ್ಯೆಯನ್ನೋ ತಗ್ಗಿಸಬೇಕು. ಬಿದ್ದ ಮೇಲೆ ಊದಿದ, ಮಡಚುವಾಗ ನಡುವೆ ಸಿಕ್ಕಿಹಾಕಿಕೊಳ್ಳುವ ಅಥವಾ ಕೆಂಪಗೆ ಬಿಸಿಯಾದ ಮಂಡಿಯನ್ನು ಮಾತ್ರ ಮೊದಲು ವೈದ್ಯರಿಗೆ ತೋರಿಸಿ.