ರೊಟ್ಟಿ ಹಂಚಿನಂತೆ ಕಾಯುವ ಶೀಟಿನ ಮನೆ: ಬಿಸಿಗಾಳಿ ಹೊರಹೋಗಲು ದಾರಿ ಮಾಡೋದು ಹೇಗೆ?

ಸಿಂಧನೂರು: ಯುಗಾದಿ ಮುಗಿದರೆ ಸಾಕು, ರಾಯಚೂರು ಜಿಲ್ಲೆಯಲ್ಲಿ ಬಿಸಿಲು 40 ಡಿಗ್ರಿ ದಾಟೋದು ಹೊಸ ಸುದ್ದಿ ಅಲ್ಲ. ಆದರೆ ಪತ್ರಾಸ್ ಹೊದಿಸಿದ ಮನೆ, ಶೀಟಿನ ಅಂಗಡಿಯೊಳಗೆ ಕೂತವರಿಗೆ ಹೊರಗಿನ ಬಿಸಿಲೇ ವಾಸಿ ಅನಿಸುತ್ತೆ. ಫ್ಯಾನ್ ಜೋರು ಮಾಡಿದಷ್ಟೂ ಝಳ ಮುಖಕ್ಕೆ ಹೊಡೆಯುತ್ತೆ. ಇದಕ್ಕೆ ಬಿಸಿಲೊಂದೇ ಕಾರಣ ಅಲ್ಲ. ಛಾವಣಿ ಕೆಳಗೆ ಸೇರಿಕೊಂಡ ಬಿಸಿಗಾಳಿಗೆ ಹೊರಗೆ ಹೋಗಲು ದಾರಿಯೇ ಇರಲ್ಲ.

ಹಳೆ ಮಾಳಿಗೆ ಮನೆಗಳಲ್ಲಿ ಈ ದಾರಿ ಇತ್ತು. ಮಣ್ಣಿನ ಮಾಳಿಗೆ ನಡುವೆ ಬಿಡುತ್ತಿದ್ದ ಬೆಳಕಿಂಡಿ ಬರೀ ಬೆಳಕಿಗಲ್ಲ, ಅಡುಗೆ ಹೊಗೆ ಮತ್ತು ಬಿಸಿಗಾಳಿ ಮೇಲೆ ಹೋಗೋದಕ್ಕೂ ಆಗಿತ್ತು. ಮಳೆ ಬಂದರೆ ಮುಚ್ಚಳ ಹಾಕಿದರೆ ಆಯ್ತು. ಕರಾವಳಿ, ಮಲೆನಾಡಿನ ಮಂಗಳೂರು ಹಂಚಿನ ಮನೆಗಳಲ್ಲೂ ಹಂಚಿನ ಸಂದಿಯಿಂದ ಗಾಳಿ ಆಡುತ್ತಿತ್ತು. ಈಗ ಮಾಳಿಗೆ ಕೆಡವಿ ಶೀಟ್ ಹಾಕುವಾಗ ಗೋಡೆಗೂ ಶೀಟಿಗೂ ನಡುವಿನ ಸಂದಿಯನ್ನೂ ಸಿಮೆಂಟ್‌ನಿಂದ ಮುಚ್ಚಿಬಿಡ್ತಾರೆ. ಅಲ್ಲಿಂದ ಶುರು ತೊಂದರೆ.

ಎಣ್ಣೆ ಡಬ್ಬಿ ಲೆಕ್ಕ

ಕಿರಾಣಿ ಅಂಗಡಿಯವರಿಗೆ ಇದು ಬೇಗ ಅರ್ಥ ಆಗುತ್ತೆ. ಎಣ್ಣೆ ಡಬ್ಬಿಗೆ ಒಂದೇ ತೂತು ಹೊಡೆದರೆ ಎಣ್ಣೆ ಗುಳು ಗುಳು ಅಂತ ನಿಂತು ನಿಂತು ಬರುತ್ತೆ. ಎದುರಿಗೆ ಇನ್ನೊಂದು ತೂತು ಹೊಡೆದರೆ ಸಲೀಸಾಗಿ ಸುರಿಯುತ್ತೆ. ಕೋಣೆಯ ಗಾಳಿಯೂ ಹಾಗೇ. ಬಿಸಿಗಾಳಿ ಹಗುರ, ಮೇಲೇರುತ್ತೆ. ಅದು ಹೊರಹೋಗಲು ಮೇಲೊಂದು ದಾರಿ, ಅದರ ಜಾಗಕ್ಕೆ ಹೊಸ ಗಾಳಿ ಬರಲು ಕೆಳಗೊಂದು ದಾರಿ, ಎರಡೂ ಬೇಕು. ಎರಡರ ನಡುವೆ ಎತ್ತರದ ಅಂತರ ಹೆಚ್ಚಿದ್ದಷ್ಟೂ ಗಾಳಿ ಜೋರಾಗಿ ಎಳೆಯುತ್ತೆ. ಮೇಲೆ ಎಕ್ಸಾಸ್ಟ್ ಫ್ಯಾನ್ ಹಾಕಿ ಕೆಳಗೆ ಎಲ್ಲಾ ಬಂದ್ ಮಾಡಿದರೆ ಫ್ಯಾನ್ ತಿರುಗುತ್ತೆ ಅಷ್ಟೇ, ಗಾಳಿ ಆಡಲ್ಲ.

ಏರ್ ಕೂಲರ್ ಇಟ್ಟ ಅಂಗಡಿಗೂ ಇದೇ ಮಾತು. ಕೂಲರ್ ಗಾಳಿಯ ಜೊತೆ ತೇವವನ್ನೂ ಒಳಗೆ ತರುತ್ತೆ. ಅದು ಹೊರಹೋಗದಿದ್ದರೆ ಅರ್ಧ ಗಂಟೆಯಲ್ಲೇ ಮೈ ಅಂಟು ಅಂಟು. ಕೂಲರ್ ಎದುರಿನ ಗೋಡೆಯ ಮೇಲ್ಭಾಗದಲ್ಲಿ ಕಿಂಡಿ ತೆರೆದಿರಬೇಕು.

ಎಷ್ಟು ಜಾಗ ಬಿಡಬೇಕು?

ಒಣ ಬಿಸಿಲಿನ ಪ್ರದೇಶದಲ್ಲಿ ವಾಸದ ಕೋಣೆಯ ನೆಲದ ಹತ್ತನೇ ಒಂದು ಭಾಗದಷ್ಟು ಕಿಟಕಿ, ವೆಂಟಿಲೇಟರ್ ಇರಬೇಕು ಅನ್ನುತ್ತೆ ರಾಷ್ಟ್ರೀಯ ಕಟ್ಟಡ ಸಂಹಿತೆ. ಬಾಗಿಲು ಈ ಲೆಕ್ಕಕ್ಕೆ ಸೇರಲ್ಲ. ಅಂದರೆ 10 ಅಡಿಗೆ 12 ಅಡಿ ಕೋಣೆಗೆ 12 ಚದರ ಅಡಿ. ಅದರಲ್ಲಿ ಒಂದಿಷ್ಟು ಜಾಗ ಶೀಟಿಗೆ ಹತ್ತಿರ, ಗೋಡೆಯ ತುದಿಯಲ್ಲೇ ಇರಲಿ. ಕಿಟಕಿ ಎಷ್ಟೇ ದೊಡ್ಡದಿದ್ದರೂ ಅದರ ಮೇಲಿನ ಎರಡು ಮೂರು ಅಡಿಯಲ್ಲಿ ಬಿಸಿಗಾಳಿ ಕೂತೇ ಇರುತ್ತೆ.

ಒಂದೇ ಕಡೆ ಇಳಿಜಾರಿದ್ದರೆ ಎತ್ತರದ ಗೋಡೆಯಲ್ಲಿ ಕಿಂಡಿ ಬಿಡಿ. ಎರಡೂ ಕಡೆ ಇಳಿಜಾರಿದ್ದರೆ ತ್ರಿಕೋನದ ಗೋಡೆಗಳ ತುದಿಯಲ್ಲಿ, ಎದುರು ಬದುರು. ಮುಂಗಾರು ಮಳೆ ಹೆಚ್ಚಾಗಿ ನೈಋತ್ಯ, ಪಶ್ಚಿಮದಿಂದ ಬಡಿಯುವುದರಿಂದ ಆ ಕಡೆಯ ಕಿಂಡಿಗೆ ಸಜ್ಜಾ ಅಥವಾ ಕೆಳಮುಖದ ಪಟ್ಟಿ ಹಾಕಿಸಿ. ಇಲಿ, ಪಾರಿವಾಳ ಬರದ ಹಾಗೆ ಜಾಲರಿ ಇರಲಿ. ಜಾಲರಿ ಗಾಳಿಯನ್ನು ತಡೆಯುವುದರಿಂದ ಕಿಂಡಿ ಸ್ವಲ್ಪ ದೊಡ್ಡದೇ ಇರಲಿ. ವರ್ಷಕ್ಕೊಮ್ಮೆ ಧೂಳು ಕೊಡವಿ.

ಗೋದಾಮುಗಳ ಶೀಟಿನ ಮೇಲೆ ಗಾಳಿಗೆ ಗರಗರ ತಿರುಗುವ ಟರ್ಬೊ ವೆಂಟಿಲೇಟರ್‌ಗೆ ಕರೆಂಟ್ ಬೇಡ. ದೊಡ್ಡ ಅಂಗಡಿಗೆ ಅದು ಒಳ್ಳೇದೇ. ಆದರೆ ಬುಡದಲ್ಲಿ ಸರಿಯಾಗಿ ಸೀಲ್ ಮಾಡದಿದ್ದರೆ ಮೊದಲ ಮಳೆಗೇ ಸೋರುತ್ತೆ.

ಫಾಲ್ಸ್ ಸೀಲಿಂಗ್ ಹಾಕಿಸಿದವರು ಗಮನಿಸಿ

ಶೀಟಿನ ಕೆಳಗೆ ಸೀಲಿಂಗ್ ಇದ್ದರೆ ಕಾದ ಶೀಟಿನ ಝಳ ನೇರ ತಲೆಗೆ ಬಡಿಯಲ್ಲ, ನಿಜ. ಆದರೆ ಎರಡರ ನಡುವಿನ ಅಟ್ಟದಂಥ ಜಾಗ ಬಂದ್ ಇದ್ದರೆ ಸಂಜೆ ಹೊತ್ತಿಗೆ ಸೀಲಿಂಗೇ ಕಾಯುತ್ತೆ. ಅಮೆರಿಕದ ಮನೆ ಕಟ್ಟುವ ನಿಯಮದಲ್ಲಿ ಅಟ್ಟದ 150 ಚದರ ಅಡಿಗೆ 1 ಚದರ ಅಡಿ ಗಾಳಿಕಿಂಡಿ ಅನ್ನೋ ಲೆಕ್ಕ ಇದೆ. ಆ ಪ್ರಕಾರ 10 ಅಡಿಗೆ 20 ಅಡಿ ಅಂಗಡಿಗೆ ಸುಮಾರು 1.3 ಚದರ ಅಡಿ. ನಮ್ಮ ಬಿಸಿಲಿಗೆ ಅದರ ಎರಡು ಪಟ್ಟು ಬಿಟ್ಟರೂ ನಷ್ಟ ಇಲ್ಲ. ಅರ್ಧ ಇಳಿಜಾರಿನ ಕೆಳತುದಿಯಲ್ಲಿ, ಅರ್ಧ ಮೇಲ್ತುದಿಯಲ್ಲಿ ಇರಬೇಕು.

ಇನ್ನೊಂದು ಮಾತು: ಥರ್ಮಾಕೋಲ್ ಬೇಗ ಹೊತ್ತಿಕೊಳ್ಳುತ್ತೆ. ಅದರ ಮೇಲೆ ವೈರ್ ಜಾಯಿಂಟ್ ಬಿಟ್ಟರೆ ಒಂದು ಕಿಡಿ ಸಾಕು. ವೈರ್ ಎಲ್ಲಾ ಪೈಪಿನೊಳಗೇ ಹೋಗಲಿ.

ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು?

ಗಾಳಿ ಆಡಿದರೆ ಮನೆ ಹೊರಗಿಗಿಂತ ತಂಪಾಗಲ್ಲ, ಹೊರಗಿನಷ್ಟಕ್ಕೆ ಬರುತ್ತೆ ಅಷ್ಟೇ. ಶೀಟಿನ ಮನೆ ಹಗಲು ಹೊರಗಿಗಿಂತ ಬಿಸಿ ಇರುವುದರಿಂದ ಕಿಂಡಿ ಹಗಲೂ ತೆರೆದಿರಲಿ. ದಪ್ಪ ಗೋಡೆಯ ಮಾಳಿಗೆ ಮನೆ ಮಧ್ಯಾಹ್ನ ಒಳಗೆ ತಂಪಿರುತ್ತೆ, ಆಗ ಕಿಟಕಿ ಮುಚ್ಚಿ ಸಂಜೆ ತೆರೆಯಿರಿ. ಆರ್‌ಸಿಸಿ ಮನೆ ಹಗಲು ಕುಡಿದ ಕಾವನ್ನು ರಾತ್ರಿ ಬಿಡುತ್ತೆ. ಅಲ್ಲಿ ರಾತ್ರಿಯಿಡೀ ಗಾಳಿ ಆಡುವುದೇ ಮುಖ್ಯ.

ಕಾವು ಒಳಗೆ ಬರೋದನ್ನೇ ಕಡಿಮೆ ಮಾಡಲು ಛಾವಣಿ ಬೆಳ್ಳಗಿರಬೇಕು. ಆರ್‌ಸಿಸಿ ಮೇಲೆ ಸುಣ್ಣ, ಶೀಟಿನ ಮೇಲೆ ಬಿಸಿಲು ತಡೆಯುವ ಬಿಳಿ ಬಣ್ಣ. ಪಕ್ಕದ ತೆಲಂಗಾಣ ಇದಕ್ಕೆಂದೇ 2023ರಲ್ಲಿ ಕೂಲ್ ರೂಫ್ ನೀತಿ ತಂದಿದೆ.

ಈ ತಪ್ಪು ಮಾಡಬೇಡಿ

ಹಳೆ ಸಿಮೆಂಟ್ ಶೀಟಿನಲ್ಲಿ ಆಸ್ಬೆಸ್ಟಾಸ್ ಇರುತ್ತೆ. ಅದನ್ನು ಕೊರೆದರೆ, ಒಡೆದರೆ ಏಳುವ ಧೂಳು ಶ್ವಾಸಕೋಶಕ್ಕೆ ಅಪಾಯ, ಕ್ಯಾನ್ಸರ್‌ಗೂ ಕಾರಣ ಆಗುತ್ತೆ. ಆ ಶೀಟ್ ಮುಟ್ಟದೆ ಗೋಡೆಯಲ್ಲೇ ಕಿಂಡಿ ಮಾಡಿಸಿ.

ಮೇಲೆ ಕಿಂಡಿ ಇದೆ ಅಂತ ಗ್ಯಾಸ್ ವಿಷಯದಲ್ಲಿ ಮೈಮರೆಯಬೇಡಿ. ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಹರಡುತ್ತೆ. ಅಡುಗೆಮನೆಗೆ ನೆಲದ ಮಟ್ಟದಲ್ಲೂ ಗಾಳಿದಾರಿ ಬೇಕು.

ಏಪ್ರಿಲ್, ಮೇ ತಿಂಗಳ ಗಾಳಿಮಳೆಗೆ ಶೀಟ್ ಹಾರಿಹೋಗೋದು ಗೊತ್ತಿದ್ದದ್ದೇ. ಗಾಳಿ ಬಡಿಯುವ ದಿಕ್ಕಿಗೆ ದೊಡ್ಡ ಕಿಂಡಿ ಇಟ್ಟರೆ ಒಳಗೆ ನುಗ್ಗಿದ ಗಾಳಿ ಶೀಟನ್ನು ಎತ್ತುತ್ತೆ. ಕಿಂಡಿ ಮಾಡಿಸುವಾಗಲೇ ಬೋಲ್ಟ್ ಬಿಗಿ ಇದೆಯಾ ನೋಡಿಸಿ.

ಕೋಣೆಯೊಳಗೇ 40 ಡಿಗ್ರಿ ದಾಟಿದರೆ ಫ್ಯಾನ್ ಗಾಳಿ ಮೈಯನ್ನು ಇನ್ನಷ್ಟು ಕಾಯಿಸುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ. ಮಧ್ಯಾಹ್ನ ಬಾಣಂತಿ, ಕೂಸು, ವಯಸ್ಸಾದವರನ್ನು ಶೀಟಿನ ಕೆಳಗೆ ಮಲಗಿಸೋ ಬದಲು ಬೇವಿನ ಮರದ ನೆರಳೋ, ಪಕ್ಕದ ಮಾಳಿಗೆ ಮನೆಯೋ ವಾಸಿ. ಮೈ ಸುಡ್ತಾ ಇದ್ದು ಮಾತು ತೊದಲಿದರೆ, ಪ್ರಜ್ಞೆ ತಪ್ಪಿದರೆ ತಡ ಮಾಡದೆ 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರೋವರೆಗೂ ಒದ್ದೆ ಬಟ್ಟೆಯಿಂದ ಮೈ ಒರೆಸ್ತಾ ಇರಿ.

ಇದಕ್ಕೆಲ್ಲಾ ಇಂಜಿನಿಯರ್ ಬೇಕಂತಿಲ್ಲ. ಗೋಡೆ ತುದಿಯ ನಾಲ್ಕು ಇಟ್ಟಿಗೆ ತೆಗೆಸಿ ಜಾಲರಿ ಕೂರಿಸಲು ಒಬ್ಬ ಗೌಂಡಿಗೆ ಅರ್ಧ ದಿನದ ಕೆಲಸ. ಬಿಸಿಲು ನೆತ್ತಿಗೇರುವ ಮೊದಲೇ ಮಾಡಿಸಿಕೊಂಡರೆ ಈ ಬೇಸಿಗೆಗೇ ಉಪಯೋಗಕ್ಕೆ ಬರುತ್ತೆ.