ಪ್ರಾಚೀನ ಕಾವ್ಯದ ಓದಿಗೆ ಪ್ರವೇಶ: ವಿದ್ಯಾರ್ಥಿಯ ಆಯ್ಕೆಯನ್ನು ಕುರಿತು

ಪ್ರೌಢಶಾಲೆ ಹಾಗೂ ಪದವಿಪೂರ್ವ ಹಂತಗಳಲ್ಲಿ ಕನ್ನಡ ಕಲಿಯುವ ವಿದ್ಯಾರ್ಥಿಗೆ ಪ್ರಾಚೀನ ಕಾವ್ಯದ ಪರಿಚಯವಾಗುವುದು ಪಠ್ಯಪುಸ್ತಕದ ಆಯ್ದ ಭಾಗಗಳ ಮೂಲಕ. ಇತ್ತೀಚಿನ ವರ್ಷಗಳ ಹತ್ತನೆಯ ತರಗತಿಯ ಪ್ರಥಮ ಭಾಷಾ ಪಠ್ಯದಲ್ಲಿ ರನ್ನ, ಕುಮಾರವ್ಯಾಸ, ಲಕ್ಷ್ಮೀಶರ ಕಾವ್ಯಭಾಗಗಳು ಸೇರಿವೆ. ಕೆಲವು ಪದ್ಯ, ಅವುಗಳ ಕೆಳಗೆ ಪದಗಳ ಅರ್ಥ, ಅನಂತರ ಸಂದರ್ಭ ಸೂಚಿಸಿ ಸ್ವಾರಸ್ಯ ವಿವರಿಸುವ ಪ್ರಶ್ನೆ: ಇದು ವಿದ್ಯಾರ್ಥಿ ಬಲ್ಲ ಕಾವ್ಯದ ರೂಪ. ಹೀಗಿರುವಾಗ, ಹಳೆಯ ಕೃತಿಯೊಂದನ್ನು ತಾನೇ ಆರಿಸಿಕೊಂಡು ಓದಿ, ಅದನ್ನು ಕುರಿತು ಬರೆಯಬೇಕೆಂದು ಅಧ್ಯಾಪಕರು ಸೂಚಿಸಿದರೆ ಆತ ತಡವರಿಸುವುದು ಸಹಜ. ಶಿವಮೊಗ್ಗೆಯ ವಿನೋಬನಗರದಲ್ಲಿ ವಾಸಿಸುವ ಪದವಿಪೂರ್ವ ವಿದ್ಯಾರ್ಥಿಯೊಬ್ಬನನ್ನು ಗಮನದಲ್ಲಿರಿಸಿಕೊಂಡು ಈ ಆಯ್ಕೆಯ ಮಾನದಂಡಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ಸೂಚಿತವಾಗುವ ಹೆಸರು ಪಂಪನದು. ಆತ ಆದಿಕವಿ; ‘ವಿಕ್ರಮಾರ್ಜುನ ವಿಜಯ’, ‘ಆದಿಪುರಾಣ’ಗಳು ಹತ್ತನೆಯ ಶತಮಾನದ ಮೇರುಕೃತಿಗಳು. ಆದರೆ ಇಲ್ಲಿ ಸಾಹಿತ್ಯ ಚರಿತ್ರೆಯ ಕ್ರಮವನ್ನೇ ಓದಿನ ಕ್ರಮವೆಂದು ಭಾವಿಸಲಾಗಿದೆ. ಚರಿತ್ರೆಕಾರನು ಪಂಪನಿಂದ ಹೊರಟು ಕುವೆಂಪು ಅವರವರೆಗೆ ಬರುತ್ತಾನೆ. ಓದುಗನಾದರೋ ತಾನು ನಿಂತಿರುವ ಕಾಲದ ಭಾಷೆಯಿಂದ ಹೊರಟು ಹಿಂದಕ್ಕೆ ನಡೆಯಬೇಕಾಗುತ್ತದೆ. ಹದಿನಾಲ್ಕು ಆಶ್ವಾಸಗಳ ಚಂಪೂಕಾವ್ಯವನ್ನು ಕೈಗೆತ್ತಿಕೊಂಡು ಎರಡನೆಯ ಆಶ್ವಾಸದಲ್ಲಿಯೇ ಕೈಬಿಟ್ಟವನಿಗೆ ಉಳಿಯುವುದು ಪಂಪನಲ್ಲ, ಹಳಗನ್ನಡ ತನಗೆ ಎಟುಕುವುದಿಲ್ಲವೆಂಬ ಭಾವನೆ. ಆದ್ದರಿಂದ ಮೊದಲ ಆಯ್ಕೆಯಲ್ಲಿ ಕೃತಿಯ ಹಿರಿಮೆಗಿಂತ, ಅದನ್ನು ಕೊನೆಮುಟ್ಟ ಓದಲು ಸಾಧ್ಯವೇ ಎಂಬ ಪ್ರಶ್ನೆ ಮುಖ್ಯವಾಗುತ್ತದೆ. ಈ ಸಾಧ್ಯತೆಯನ್ನು ಭಾಷೆ, ಗಾತ್ರ ಮತ್ತು ಆವೃತ್ತಿ ಎಂಬ ಮೂರು ಅಂಶಗಳು ನಿರ್ಧರಿಸುತ್ತವೆ.

ಭಾಷೆಯ ತೊಡಕು ತೋರುವಷ್ಟು ದೊಡ್ಡದಲ್ಲ. ಪಾಲ್–ಹಾಲು, ಪುಲಿ–ಹುಲಿ ಎಂಬಲ್ಲಿ ಕಾಣುವ ಪಕಾರ–ಹಕಾರಗಳ ಬದಲಾವಣೆ, ಪೇೞ್–ಹೇಳು, ಬಾೞ್–ಬಾಳು ಎಂಬಲ್ಲಿ ಕಾಣುವ ೞಕಾರದ ನಷ್ಟ, ಹಳೆಯ ವಿಭಕ್ತಿ ಪ್ರತ್ಯಯಗಳು, ಸಂಧಿಯನ್ನು ಬಿಡಿಸಿ ಓದುವ ಕ್ರಮ: ಇವಿಷ್ಟನ್ನು ಬಲ್ಲ ವಿದ್ಯಾರ್ಥಿಗೆ ಅಪರಿಚಿತವೆನಿಸಿದ್ದ ಎಷ್ಟೋ ಪದಗಳು ಮನೆಮಾತಿನ ಪದಗಳೇ ಎಂಬುದು ಹೊಳೆಯುತ್ತದೆ. ಹನ್ನೆರಡನೆಯ ಶತಮಾನದಿಂದೀಚಿನ ಕೃತಿಗಳಲ್ಲಿ ಈ ಅಂತರ ಇನ್ನೂ ಕಡಿಮೆ.

ಗಾತ್ರದ ದೃಷ್ಟಿಯಿಂದ ಜನ್ನನ ‘ಯಶೋಧರ ಚರಿತೆ’ (1209) ಗಮನಾರ್ಹ. ನಾಲ್ಕು ಅವತಾರಗಳ ಈ ಕಿರುಕಾವ್ಯ ಬಹುಮಟ್ಟಿಗೆ ಕಂದಪದ್ಯಗಳಲ್ಲಿದೆ. ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ ನಾಟಕಕ್ಕೆ ಇದರ ಕಥೆಯೇ ಆಧಾರವಾದುದರಿಂದ ಆಧುನಿಕ ಕೃತಿಯೊಂದರ ಮೂಲಕವೂ ಇದನ್ನು ಪ್ರವೇಶಿಸಬಹುದು. ಕುಮಾರವ್ಯಾಸನ ಭಾರತವಾದರೋ ಹತ್ತು ಪರ್ವಗಳ, ಎಂಟು ಸಾವಿರಕ್ಕೂ ಮಿಕ್ಕ ಪದ್ಯಗಳ ಮಹಾಕೃತಿ. ಅದರಲ್ಲಿ ಒಂದು ಪ್ರಸಂಗವನ್ನು ಮೊದಲಿನಿಂದ ಕೊನೆಯವರೆಗೆ ಓದುವುದು ಉಚಿತ. ಗದ್ಯವನ್ನು ಬಯಸುವವರಿಗೆ ಹತ್ತೊಂಬತ್ತು ಕಥೆಗಳ ‘ವಡ್ಡಾರಾಧನೆ’ಯಿದೆ. ಅದರ ಭಾಷೆ ಹಳೆಯದಾದರೂ ಪ್ರತಿಯೊಂದು ಕಥೆಯೂ ಬಿಡಿಯಾಗಿ ನಿಲ್ಲಬಲ್ಲುದು.

ಆವೃತ್ತಿಯ ಪ್ರಶ್ನೆಗೆ ದೊರೆಯಬೇಕಾದಷ್ಟು ಗಮನ ದೊರೆತಿಲ್ಲ. ಸಂಶೋಧಕನಿಗೆ ಪಾಠಾಂತರಗಳಿರುವ ಶಾಸ್ತ್ರೀಯ ಆವೃತ್ತಿ ಅನಿವಾರ್ಯ. ಹೊಸ ಓದುಗನಿಗೆ ಪದಗಳನ್ನು ಬಿಡಿಸಿಕೊಡುವ ಆವೃತ್ತಿ ಅಗತ್ಯ. ತಮ್ಮ ‘ಸರಳ ಪಂಪಭಾರತ’, ‘ಸರಳ ಆದಿಪುರಾಣ’ಗಳಲ್ಲಿ ಎಲ್. ಬಸವರಾಜು ಅವರು ಮಾಡಿದ ಕೆಲಸ ಈ ದೃಷ್ಟಿಯಿಂದ ಮಹತ್ವದ್ದು. ತೀ. ನಂ. ಶ್ರೀಕಂಠಯ್ಯ, ಡಿ. ಎಲ್. ನರಸಿಂಹಾಚಾರ್ ಅವರ ತಲೆಮಾರಿನ ವಿದ್ವಾಂಸರು ಕಾವ್ಯಸಂಗ್ರಹಗಳನ್ನೂ ಪ್ರವೇಶಿಕೆಗಳನ್ನೂ ಸಿದ್ಧಪಡಿಸುವುದನ್ನು ವಿದ್ವತ್ತಿಗೆ ಕಡಿಮೆಯೆಂದು ಭಾವಿಸಿರಲಿಲ್ಲವೆಂಬುದು ಇಲ್ಲಿ ಸ್ಮರಣೀಯ. ಕೃತಿಯ ಹೆಸರಿನೊಡನೆ ಯಾವ ಆವೃತ್ತಿಯೆಂಬುದನ್ನೂ ಅಧ್ಯಾಪಕರು ಸೂಚಿಸದಿದ್ದರೆ ಆ ಸೂಚನೆ ಅಪೂರ್ಣ.

ಈ ಮೂರು ಅಂಶಗಳ ಜೊತೆಗೆ ವಿದ್ಯಾರ್ಥಿಯ ಪರಿಸರವನ್ನೂ ಪರಿಗಣಿಸಬೇಕು. ಶಿವಮೊಗ್ಗೆಯ ವಿದ್ಯಾರ್ಥಿಗೆ ಈ ವಿಷಯದಲ್ಲಿ ಎರಡು ಅನುಕೂಲಗಳಿವೆ. ಮೊದಲನೆಯದು ಗಮಕ ಪರಂಪರೆ. ನಗರಕ್ಕೆ ಸಮೀಪದಲ್ಲಿ, ತುಂಗಾ ತೀರದಲ್ಲಿರುವ ಹೊಸಹಳ್ಳಿ ಗಮಕಕ್ಕೆ ಹೆಸರಾದ ಗ್ರಾಮ. ಅಲ್ಲಿನ ಗಮಕಿ ಎಚ್. ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಅವರು ಅದೇ ವರ್ಷ ನಿಧನರಾದರು. ಭಾಮಿನಿ ಷಟ್ಪದಿಯಲ್ಲಿ ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳು ಒಂದಾದ ಮೇಲೊಂದರಂತೆ ಬರುತ್ತವೆ. ಪದಗಳು ಅನೇಕ ವೇಳೆ ಗಣದ ಎಲ್ಲೆಯನ್ನೂ ಪಾದದ ಎಲ್ಲೆಯನ್ನೂ ದಾಟುತ್ತವೆ. ಮುದ್ರಿತ ಪುಟದಲ್ಲಿ ತೊಡಕಾಗಿ ಕಾಣುವ ಇಂಥ ಪದ್ಯವನ್ನು ಗಮಕಿಯು ಅರ್ಥಕ್ಕನುಗುಣವಾಗಿ ಬಿಡಿಸಿ ವಾಚಿಸಿದಾಗ ಅನ್ವಯ ತಾನಾಗಿ ತಿಳಿಯುತ್ತದೆ. ಹೀಗಾಗಿ ಷಟ್ಪದಿ ಕಾವ್ಯವನ್ನು ಆರಿಸಿಕೊಂಡ ವಿದ್ಯಾರ್ಥಿ ಮೊದಲು ಕೇಳಿ, ಅನಂತರ ಗಟ್ಟಿಯಾಗಿ ಓದಿ, ಕೊನೆಗೆ ನಿಘಂಟನ್ನು ನೋಡುವುದು ಒಳ್ಳೆಯದು.

ಎರಡನೆಯದು, ಕಾವ್ಯಗಳ ಕಥಾನಾಯಕರೇ ಈ ಜಿಲ್ಲೆಯವರಾಗಿರುವುದು. ಅಕ್ಕಮಹಾದೇವಿಯ ಉಡುತಡಿ, ಅಲ್ಲಮಪ್ರಭುವಿನ ಬಳ್ಳಿಗಾವಿ, ಎರಡೂ ಶಿಕಾರಿಪುರ ತಾಲ್ಲೂಕಿನಲ್ಲಿವೆ. ಇವರಿಬ್ಬರ ಕಥೆಯನ್ನು ಹರಿಹರನು ರಗಳೆಗಳಲ್ಲಿ, ಹದಿನೈದನೆಯ ಶತಮಾನದ ಚಾಮರಸನು ಇಪ್ಪತ್ತೈದು ಗತಿಗಳ ‘ಪ್ರಭುಲಿಂಗಲೀಲೆ’ಯಲ್ಲಿ ಹೇಳಿದ್ದಾರೆ. ಆದರೆ ಇಬ್ಬರೂ ಒಂದೇ ಕಥೆಯನ್ನು ಹೇಳುವುದಿಲ್ಲ. ಹರಿಹರನಲ್ಲಿ ಮಹಾದೇವಿಗೆ ಕೌಶಿಕನೊಡನೆ ವಿವಾಹವಾಗುತ್ತದೆ, ಚಾಮರಸನಲ್ಲಿ ಆಗುವುದಿಲ್ಲ. ಹರಿಹರನ ಅಲ್ಲಮ ಕಾಮಲತೆಯನ್ನು ಪ್ರೀತಿಸಿ, ಆಕೆಯ ಸಾವಿನಿಂದ ಕಂಗೆಟ್ಟು, ಅನಂತರ ವಿರಕ್ತಿಗೆ ಸಲ್ಲುವ ಮನುಷ್ಯ. ಚಾಮರಸನ ಅಲ್ಲಮ ಮಾಯೆಯ ಕೈಗೆ ಸಿಕ್ಕದ ಪ್ರಭು. ಈ ಬದಲಾವಣೆಗಳೇಕೆ, ಭಕ್ತೆಯೊಬ್ಬಳ ದಾಂಪತ್ಯವನ್ನು ನಂತರದ ಕವಿ ಏಕೆ ಒಪ್ಪಲಿಲ್ಲ ಎಂಬುದು ವಿದ್ಯಾರ್ಥಿಯೂ ಕೇಳಬಹುದಾದ ನಿಜವಾದ ಸಂಶೋಧನ ಪ್ರಶ್ನೆ.

ಆದ್ದರಿಂದ ವಿನೋಬನಗರದ ವಿದ್ಯಾರ್ಥಿಗೆ ಮೊದಲ ಕೃತಿಯಾಗಿ ಹರಿಹರನ ‘ಮಹಾದೇವಿಯಕ್ಕನ ರಗಳೆ’ಯನ್ನು ಸೂಚಿಸಬಹುದು. ಗಾತ್ರದಲ್ಲಿ ಮಿತವಾದ ಈ ಕೃತಿಯನ್ನು ಪೂರ್ಣವಾಗಿ ಓದಬಹುದು. ರಗಳೆಯ ನಡೆ ಓದನ್ನು ಮುಂದಕ್ಕೆ ಒಯ್ಯುತ್ತದೆ. ಅಕ್ಕನ ವಚನಗಳ ಪರಿಚಯ ಹೇಗೂ ಇರುತ್ತದೆ. ಅನಂತರ ‘ಪ್ರಭುಲಿಂಗಲೀಲೆ’ಯಲ್ಲಿ ಅಕ್ಕನ ಕಥೆ ಬರುವ ಭಾಗವನ್ನು ಓದಿ, ಎರಡನ್ನೂ ಹೋಲಿಸಿ ಬರೆಯುವಂತೆ ಹೇಳಬಹುದು. ಇಂಥ ಬರಹಕ್ಕೆ ಗೈಡುಗಳ ಸಿದ್ಧ ಉತ್ತರ ಒದಗುವುದಿಲ್ಲ, ಕೃತಿಗಳನ್ನೇ ತೆರೆಯಬೇಕಾಗುತ್ತದೆ. ಅಲ್ಲಿಂದ ರಾಘವಾಂಕನ ಹರಿಶ್ಚಂದ್ರ ಕಾವ್ಯಕ್ಕೆ, ಜನ್ನನಿಗೆ, ಕೊನೆಯಲ್ಲಿ ಪಂಪನಿಗೆ ದಾರಿ ತೆರೆದಿರುತ್ತದೆ. ಹಾಗೆ ಬಂದವನಿಗೆ ಪಂಪನ ಹಿರಿಮೆಯನ್ನು ಬೇರೆಯವರು ಹೇಳಬೇಕಾಗಿಲ್ಲ.

2008ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನಮಾನ ಲಭಿಸಿತು. ಆ ಸ್ಥಾನಕ್ಕೆ ಆಧಾರವಾದ ಕೃತಿಗಳನ್ನು ಓದಬಲ್ಲವರು ವಿಭಾಗಗಳ ಗೋಡೆಯಾಚೆಗೂ ಇರಬೇಕಾದರೆ, ಅಂಥ ಓದುಗರು ರೂಪುಗೊಳ್ಳಬೇಕಾದುದು ಪದವಿಪೂರ್ವ ಹಂತದಲ್ಲಿಯೇ. ಸ್ನಾತಕೋತ್ತರ ತರಗತಿಗೆ ಬರುವ ಹೊತ್ತಿಗೆ ಹಳಗನ್ನಡದ ಭಯ ಬಲಿತಿರುತ್ತದೆ. ಒಂದು ಕಾವ್ಯವನ್ನಾದರೂ ತಾನಾಗಿ ಓದಿ ಮುಗಿಸಿದ ಅನುಭವವನ್ನು ವಿದ್ಯಾರ್ಥಿಗೆ ಒದಗಿಸುವುದು ಅಧ್ಯಾಪಕರ ಕೈಯಲ್ಲಿದೆ. ಅದಕ್ಕೆ ತಕ್ಕ ಕೃತಿಯನ್ನೂ ತಕ್ಕ ಆವೃತ್ತಿಯನ್ನೂ ತಕ್ಕ ಪ್ರಶ್ನೆಯನ್ನೂ ಆರಿಸಿಕೊಡುವುದು ಅವರ ಬೋಧನೆಯ ಭಾಗವೇ ಆಗಿದೆ.