ಪುಟ್ಟ ದೇಶ ನೌರು



ಒಂದು ದೇಶ ಎಷ್ಟು ಚಿಕ್ಕದಾಗಿರಬಹುದು? ಯೋಚಿಸಿ ನೋಡಿ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ನಡೆಯಲು ಹೊರಟರೆ, ಇಡೀ ದೇಶಕ್ಕೆ ಒಂದು ಸುತ್ತು ಹಾಕಿ, ಮಧ್ಯಾಹ್ನದ ಹೊತ್ತಿಗೆ ಹೊರಟ ಜಾಗಕ್ಕೇ ಬಂದು ನಿಲ್ಲಬಹುದು. ಅಂಥ ದೇಶವೂ ಇದೆ. ಅದರ ಹೆಸರು ನೌರು.

ನೌರು ಒಂದು ಕಾಲದಲ್ಲಿ ಬಹಳ ಶ್ರೀಮಂತ ದೇಶ. ಆಮೇಲೆ ಸಾಲದಲ್ಲಿ ಮುಳುಗಿದ ದೇಶ. ಹಾಗಾದದ್ದು ಹೇಗೆ? ಅದನ್ನು ತಿಳಿಯೋಣ ಬನ್ನಿ.

ನೌರು ಎಲ್ಲಿದೆ?

ನಿಮ್ಮ ಕಲಿಕಾ ಕೇಂದ್ರದಲ್ಲಿ ಪ್ರಪಂಚದ ಭೂಪಟ ಇದ್ದರೆ ಅದರ ಮುಂದೆ ನಿಲ್ಲಿ. ಮೊದಲು ಆಸ್ಟ್ರೇಲಿಯಾ ದೇಶ ಹುಡುಕಿ. ಅದರ ಬಲಗಡೆ, ಮೇಲಕ್ಕೆ ನೀಲಿ ಬಣ್ಣ ತುಂಬಿದೆ ಅಲ್ಲವೇ? ಅದು ಪೆಸಿಫಿಕ್ ಮಹಾಸಾಗರ. ಶಾಂತಸಾಗರ ಅಂತಲೂ ಹೇಳುತ್ತಾರೆ. ಪ್ರಪಂಚದ ಅತಿ ದೊಡ್ಡ ಸಮುದ್ರ ಇದು. ಇದರ ನಡುವೆ ಒಂದು ಚುಕ್ಕೆಯ ಹಾಗೆ ನೌರು ಇದೆ. ಎಷ್ಟೋ ಭೂಪಟಗಳಲ್ಲಿ ಆ ಚುಕ್ಕೆಯೂ ಕಾಣುವುದಿಲ್ಲ.

ನೌರು ಒಂದು ದ್ವೀಪ. ಸುತ್ತಲೂ ನೀರು ಇರುವ ನೆಲಕ್ಕೆ ದ್ವೀಪ ಎನ್ನುತ್ತಾರೆ. ಇದರ ವಿಸ್ತಾರ 21 ಚದರ ಕಿಲೋಮೀಟರ್ ಮಾತ್ರ. ಅಲ್ಲಿ ಇರುವ ಜನ ಸುಮಾರು 12 ಸಾವಿರ. ಎರಡು ಮೂರು ದೊಡ್ಡ ಹಳ್ಳಿ ಸೇರಿದರೆ ಆಗುವಷ್ಟು ಜನ. ಹತ್ತಿರದ ನೆರೆಯ ದ್ವೀಪ ಬನಾಬಾ. ಹತ್ತಿರ ಅಂದರೂ ಸುಮಾರು 300 ಕಿಲೋಮೀಟರ್ ದೂರ!

ವರ್ಷವೆಲ್ಲ ಸೆಕೆ. ನದಿ ಒಂದೂ ಇಲ್ಲ. ಕುಡಿಯಲು ಮಳೆ ನೀರು ಹಿಡಿದಿಡುತ್ತಾರೆ. ಮಳೆ ಕೈ ಕೊಟ್ಟರೆ ಸಮುದ್ರದ ನೀರಿನ ಉಪ್ಪು ತೆಗೆದ ನೀರೇ ಗತಿ. ಅದಕ್ಕೆ ಯಂತ್ರ ಬೇಕು, ಯಂತ್ರಕ್ಕೆ ವಿದ್ಯುತ್ ಬೇಕು.

ದ್ವೀಪದ ಅಂಚಿನಲ್ಲಿ ಒಂದು ಸಣ್ಣ ಪಟ್ಟಿಯ ಹಾಗೆ ಒಳ್ಳೆಯ ನೆಲ ಇದೆ. ತೆಂಗು ಬೆಳೆಯುತ್ತದೆ. ಜನರ ಮನೆಗಳು ಹೆಚ್ಚಾಗಿ ಇರುವುದೂ ಇಲ್ಲೇ. ನಡುವಿನ ಭಾಗ ಎತ್ತರದ ದಿಣ್ಣೆ. ನೌರುವಿನ ಕಥೆಯೆಲ್ಲ ಈ ದಿಣ್ಣೆಯ ಕಥೆಯೇ.

ತಾಯಿಯ ಕುಲ, ಹೆಣ್ಣು ಮಗುವಿನ ಹಬ್ಬ

ಹಿಂದೆ ನೌರುವಿನ ಜನ ತೆಂಗಿನಕಾಯಿ, ಕೇದಗೆ ಜಾತಿಯ ಮರದ ಹಣ್ಣು, ಮೀನು ತಿಂದು ಬದುಕುತ್ತಿದ್ದರು. ಬುವಾಡ ಎಂಬಲ್ಲಿ ಒಂದು ಕೊಳ ಇದೆ. ಸಮುದ್ರದಿಂದ ಮೀನಿನ ಮರಿ ಹಿಡಿದು ತಂದು ಅಲ್ಲಿ ಸಾಕುತ್ತಿದ್ದರು.

ಅವರಲ್ಲಿ 12 ಕುಲಗಳು. ಹುಟ್ಟಿದ ಮಗು ಯಾವ ಕುಲಕ್ಕೆ ಸೇರುತ್ತದೆ ಗೊತ್ತಾ? ತಾಯಿಯ ಕುಲಕ್ಕೆ! ನೌರುವಿನ ಬಾವುಟದಲ್ಲಿ ಒಂದು ಬಿಳಿ ನಕ್ಷತ್ರ ಇದೆ. ಅದಕ್ಕೆ 12 ಮೂಲೆ. ಒಂದೊಂದು ಮೂಲೆ ಒಂದೊಂದು ಕುಲದ ಗುರುತು.

ಇನ್ನೊಂದು ಮಾತು ಕೇಳಿ. 1920ರಲ್ಲಿ ಅಲ್ಲಿ ಫ್ಲೂ ಜ್ವರ ಬಂದು ಬಹಳ ಜನ ಸತ್ತರು. ನಮ್ಮ ಜನಾಂಗವೇ ಅಳಿದು ಹೋಗುತ್ತದೋ ಎಂಬ ಭಯ ಹುಟ್ಟಿತು. ಉಳಿಯಬೇಕಾದರೆ ಕಡಿಮೆ ಎಂದರೂ 1,500 ಜನ ಇರಬೇಕು ಅಂತ ಲೆಕ್ಕ ಹಾಕಿದರು. 1932ರ ಅಕ್ಟೋಬರ್ 26ರಂದು ಆ ಸಂಖ್ಯೆ ತುಂಬಿತು. ತುಂಬಿಸಿದ್ದು ಒಂದು ಹೆಣ್ಣು ಮಗು. ಇಡೀ ದ್ವೀಪ ಸಂಭ್ರಮ ಪಟ್ಟಿತು. ಇವತ್ತಿಗೂ ಆ ದಿನ ಅಲ್ಲಿ ದೊಡ್ಡ ಹಬ್ಬ. ಅದರ ಹೆಸರು ಅಂಗಾಮ್. ಅಂದರೆ ಗುರಿ ಮುಟ್ಟಿದೆವು, ಮನೆ ಸೇರಿದೆವು ಎಂದು ಅರ್ಥ.

ಬಾಗಿಲಿಗೆ ಇಟ್ಟ ಕಲ್ಲು

ನೌರುವನ್ನು 1888ರಲ್ಲಿ ಜರ್ಮನಿ ತನ್ನ ಕೈಗೆ ತೆಗೆದುಕೊಂಡಿತು. ಆಗ ಹೊರಗಿನವರು ಅಲ್ಲಿಂದ ಕೊಬ್ಬರಿ ಒಯ್ಯುತ್ತಿದ್ದರು.

1900ರ ಸುಮಾರಿನ ಮಾತು. ಆಸ್ಟ್ರೇಲಿಯಾದ ಸಿಡ್ನಿ ಊರಿನ ಒಂದು ಕಂಪನಿ ಕಚೇರಿ. ಅಲ್ಲಿ ಬಾಗಿಲು ಮುಚ್ಚದ ಹಾಗೆ ಒಂದು ಕಲ್ಲನ್ನು ಅಡ್ಡ ಇಟ್ಟಿದ್ದರು. ಅದು ನೌರುವಿನಿಂದ ತಂದ ಕಲ್ಲು. ಕಂಪನಿಯ ನೌಕರ ಆಲ್ಬರ್ಟ್ ಎಲ್ಲಿಸ್ ಅದನ್ನು ಪರೀಕ್ಷೆ ಮಾಡಿಸಿ ನೋಡಿದ. ಅದು ಬರೀ ಕಲ್ಲಲ್ಲ, ಉತ್ತಮ ಜಾತಿಯ ಫಾಸ್ಫೇಟ್!

ಫಾಸ್ಫೇಟ್ ಅಂದರೇನು? ಬೆಳೆಗೆ ಬೇಕಾದ ರಂಜಕ ಇರುವ ಖನಿಜ. ನಾವು ಹೊಲಕ್ಕೆ ಹಾಕುವ ಡಿ.ಎ.ಪಿ. ಗೊಬ್ಬರದಲ್ಲೂ ಇರುವುದು ಇದೇ ಫಾಸ್ಫೇಟ್. ಸಾವಿರಾರು ವರ್ಷ ಕಡಲ ಹಕ್ಕಿಗಳ ಹಿಕ್ಕೆ ಬಿದ್ದು ಬಿದ್ದು ನೌರುವಿನ ದಿಣ್ಣೆಯಲ್ಲಿ ಇದು ಆಗಿದೆ ಎಂದು ಹೇಳುತ್ತಾರೆ.

1907ರಿಂದ ಹಡಗು ತುಂಬ ಫಾಸ್ಫೇಟ್ ಹೊರಗೆ ಹೋಯಿತು. ನೆಲದ ಒಡೆಯರಿಗೆ ಸಿಕ್ಕಿದ್ದು ಎಷ್ಟು? ಒಂದು ಟನ್ನಿಗೆ ಅರ್ಧ ಪೆನ್ನಿ. ಪೆನ್ನಿ ಅಂದರೆ ಇಂಗ್ಲೆಂಡಿನ ಪುಡಿಗಾಸು.

ಮೊದಲ ಮಹಾಯುದ್ಧದ ನಂತರ ದ್ವೀಪ ಜರ್ಮನಿಯ ಕೈ ಬಿಟ್ಟಿತು. ಆಸ್ಟ್ರೇಲಿಯಾ, ಬ್ರಿಟನ್, ನ್ಯೂಜಿಲೆಂಡ್ ಮೂರೂ ಸೇರಿ ಗಣಿ ನಡೆಸಿದವು. ನೌರುವಿನ ಫಾಸ್ಫೇಟ್ ಆ ದೇಶಗಳ ರೈತರಿಗೆ ಅಗ್ಗದಲ್ಲಿ ಸಿಕ್ಕಿತು. ಅವರ ಹೊಲ ಹಸಿರಾಯಿತು. ನೌರುವಿನ ನೆಲ ಬರಿದಾಗುತ್ತಾ ಬಂತು.

ಎರಡನೇ ಮಹಾಯುದ್ಧದಲ್ಲಿ ಜಪಾನ್ ಸೈನ್ಯ ದ್ವೀಪವನ್ನು ಹಿಡಿಯಿತು. ಸುಮಾರು 1,200 ಜನರನ್ನು ದೂರದ ಟ್ರುಕ್ ದ್ವೀಪಕ್ಕೆ ಸಾಗಿಸಿ ದುಡಿಸಿತು. ಹಸಿವು, ರೋಗ, ಕಷ್ಟ. 1946ರ ಜನವರಿ 31ರಂದು ಊರಿಗೆ ತಿರುಗಿ ಬಂದವರು 737 ಜನ ಮಾತ್ರ. ಅದರ ನೆನಪಿಗೇ ನೌರು 1968ರ ಅದೇ ಜನವರಿ 31ರಂದು ಸ್ವತಂತ್ರ ದೇಶವಾಯಿತು. ಹ್ಯಾಮರ್ ಡಿರೋಬರ್ಟ್ ಮೊದಲ ಅಧ್ಯಕ್ಷರಾದರು.

ಆಡಳಿತ ಹೇಗೆ?

ನೌರುವಿನಲ್ಲಿ ರಾಜ ಇಲ್ಲ. ಅದು ಗಣರಾಜ್ಯ. ಅಂದರೆ ಜನ ಆರಿಸಿದವರೇ ಆಳುವ ದೇಶ. ಪ್ರಪಂಚದ ಅತಿ ಚಿಕ್ಕ ಗಣರಾಜ್ಯ ಅದು. ಅಲ್ಲಿ 14 ಜಿಲ್ಲೆಗಳಿವೆ. ರಾಜಧಾನಿ ಎಂದು ಹೆಸರಿಟ್ಟ ಊರೇ ಇಲ್ಲ! ಸಂಸತ್ತು ಯಾರೆನ್ ಎಂಬ ಜಿಲ್ಲೆಯಲ್ಲಿದೆ.

ಸಂಸತ್ತಿನಲ್ಲಿ 19 ಸದಸ್ಯರು. ಮೂರು ವರ್ಷಕ್ಕೊಮ್ಮೆ ಚುನಾವಣೆ. 20 ವರ್ಷ ತುಂಬಿದ ಹೆಣ್ಣು ಗಂಡು ಎಲ್ಲರೂ ಮತ ಹಾಕಲೇಬೇಕು ಎಂಬುದು ಅಲ್ಲಿಯ ಕಾನೂನು. ಗೆದ್ದ ಸದಸ್ಯರು ತಮ್ಮಲ್ಲೇ ಒಬ್ಬರನ್ನು ಅಧ್ಯಕ್ಷರಾಗಿ ಆರಿಸುತ್ತಾರೆ. 1986ರಲ್ಲಿ ರೂಬಿ ಡೆಡಿಯಾ ಎಂಬ ಮಹಿಳೆ ಸಂಸತ್ತಿಗೆ ಗೆದ್ದರು. ಆ ಸಂಸತ್ತಿನ ಮೊದಲ ಮಹಿಳೆ ಅವರೇ.

ಹಣದ ಹೊಳೆ

1970ರಲ್ಲಿ ಗಣಿ ಪೂರ್ತಿಯಾಗಿ ನೌರುವಿನ ಕೈಗೆ ಬಂತು. ಈಗ ಫಾಸ್ಫೇಟ್ ಮಾರಿದ ಹಣ ಅವರಿಗೇ. ಪ್ರಪಂಚದ ಬಹಳ ಶ್ರೀಮಂತ ದೇಶಗಳ ಸಾಲಿನಲ್ಲಿ ನೌರುವಿನ ಹೆಸರು ಬಂತು. ಆದಾಯ ತೆರಿಗೆ ಇಲ್ಲ. ಶಾಲೆ ಉಚಿತ, ಆಸ್ಪತ್ರೆ ಉಚಿತ.

ಫಾಸ್ಫೇಟ್ ಒಂದು ದಿನ ಮುಗಿಯುತ್ತದೆ ಅಂತ ಅವರಿಗೂ ಗೊತ್ತಿತ್ತು. ಅದಕ್ಕೇ ಮಕ್ಕಳು ಮೊಮ್ಮಕ್ಕಳಿಗೆ ಅಂತ ಒಂದು ನಿಧಿ ಕೂಡಿಟ್ಟರು. ಯೋಚನೆ ಒಳ್ಳೆಯದೇ. ಆದರೆ ಆ ಹಣ ಎಲ್ಲಿಗೆ ಹೋಯಿತು?

ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ 52 ಅಂತಸ್ತಿನ ಕಟ್ಟಡ ಎದ್ದಿತು. ಈ ಪುಟ್ಟ ದೇಶ ಹಲವು ವಿಮಾನ ಇಟ್ಟುಕೊಂಡಿತು, ಎಷ್ಟೋ ಸಲ ಅವು ಖಾಲಿ ಹಾರಿದವು. 1993ರಲ್ಲಿ ಲಂಡನ್ನಿನ ಒಂದು ಸಂಗೀತ ನಾಟಕಕ್ಕೂ ಹಣ ಹಾಕಿತು. ನಾಟಕ ಹೆಚ್ಚು ದಿನ ನಡೆಯಲಿಲ್ಲ, ಹಣ ಮುಳುಗಿತು. ನಿಧಿಯ ಲೆಕ್ಕ ಜನರ ಮುಂದೆ ಸರಿಯಾಗಿ ಬರಲೇ ಇಲ್ಲ. ಸರ್ಕಾರಗಳೂ ಮೇಲಿಂದ ಮೇಲೆ ಬದಲಾದವು. ಒಬ್ಬರು ಮಾಡಿದ್ದಕ್ಕೆ ಇನ್ನೊಬ್ಬರು ಹೊಣೆ ಆಗಲಿಲ್ಲ.

ಅಷ್ಟರಲ್ಲಿ ಫಾಸ್ಫೇಟ್ ತಳ ಕಂಡಿತು. ಸಾಲ ಬೆಳೆಯಿತು. 2004ರಲ್ಲಿ ಸಾಲಕ್ಕಾಗಿ ಮೆಲ್ಬರ್ನಿನ ಕಟ್ಟಡ ಮಾರಾಟವಾಯಿತು. ದೇಶದ ಬ್ಯಾಂಕೂ ಮುಳುಗಿತು. ಜನ ಇಟ್ಟ ಉಳಿತಾಯ ಬೇಕಾದಾಗ ಕೈಗೆ ಸಿಗಲಿಲ್ಲ. 2015ಕ್ಕೆ ಮೊದಲು ಎಷ್ಟೋ ವರ್ಷ ಅಲ್ಲಿ ಬ್ಯಾಂಕೇ ಇರಲಿಲ್ಲ.

ಹಸುವಿನ ಹಾಲು ಮಾರಿದರೆ ನಾಳೆಯೂ ಹಾಲು ಇರುತ್ತದೆ. ಹಸುವನ್ನೇ ಮಾರಿದರೆ ಹಣ ಒಂದೇ ಸಲ ಬರುತ್ತದೆ. ಆ ಹಣದಿಂದ ಮತ್ತೊಂದು ಹಸು ಕೊಳ್ಳಬೇಕು. ಇಲ್ಲಾಂದರೆ ಹಣವೂ ಹೋಯಿತು, ಹಾಲೂ ಹೋಯಿತು. ಫಾಸ್ಫೇಟ್ ಮಾರುವುದು ಹಾಲು ಮಾರಿದ ಹಾಗಲ್ಲ, ಹಸು ಮಾರಿದ ಹಾಗೆ.

ಉಳಿದದ್ದು ಏನು?

ದ್ವೀಪದ ನೂರರಲ್ಲಿ ಸುಮಾರು 80 ಪಾಲು ನೆಲವನ್ನು ಅಗೆದು ಹಾಕಿದ್ದಾರೆ. ಮಣ್ಣು ಹೋಗಿದೆ. ಚೂಪಾದ ಹವಳದ ಕಲ್ಲುಗಳು ಹಲ್ಲಿನ ಹಾಗೆ ಎದ್ದು ನಿಂತಿವೆ. ಅಲ್ಲಿ ಬೆಳೆ ತೆಗೆಯಲು ಆಗದು, ಮನೆ ಕಟ್ಟಲು ಆಗದು.

ನೆಲ ಹಾಳಾದದ್ದಕ್ಕೆ ಪರಿಹಾರ ಬೇಕು ಎಂದು ನೌರು 1989ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ಇಷ್ಟು ಚಿಕ್ಕ ದೇಶ ಅಷ್ಟು ದೊಡ್ಡ ಆಸ್ಟ್ರೇಲಿಯಾದ ಮೇಲೆ ದಾವೆ ಹೂಡಿತು. 1993ರಲ್ಲಿ ರಾಜಿಯಾಯಿತು. 10 ಕೋಟಿ 70 ಲಕ್ಷ ಆಸ್ಟ್ರೇಲಿಯನ್ ಡಾಲರ್ ಕೊಡಲು ಆಸ್ಟ್ರೇಲಿಯಾ ಒಪ್ಪಿತು. ಧೈರ್ಯ ಮಾಡಿ ಕೇಳಿದ್ದಕ್ಕೆ ಸಿಕ್ಕಿತು. ಆದರೆ ಹಣದಿಂದ ಮಣ್ಣು ಬೇಗ ಹುಟ್ಟುವುದಿಲ್ಲ.

ನೆಲ ಇಲ್ಲದಿದ್ದರೆ ಊಟ ಎಲ್ಲಿಂದ? ಅಕ್ಕಿ, ಸಕ್ಕರೆ, ಡಬ್ಬಿಯ ಮಾಂಸ ಹಡಗಿನಲ್ಲೇ ಬರಬೇಕು. ಊಟ ಬದಲಾಯಿತು, ಮೈ ಕೈ ಕೆಲಸ ಕಡಿಮೆಯಾಯಿತು. ಈಗ ಸಕ್ಕರೆ ಕಾಯಿಲೆ ಬಹಳ ಹೆಚ್ಚಾಗಿರುವ ದೇಶಗಳಲ್ಲಿ ನೌರುವೂ ಒಂದು.

ಈಗ ಜೀವನ ಹೇಗೆ?

ನೌರುವಿಗೆ ನೆಲ ಚಿಕ್ಕದು, ಆದರೆ ಸುತ್ತಲಿನ ಸಮುದ್ರ ಬಹಳ ದೊಡ್ಡದು. ಅಲ್ಲಿ ಟ್ಯೂನಾ ಎಂಬ ಮೀನು ಹೇರಳ. ಬೇರೆ ದೇಶದ ಹಡಗುಗಳು ಅಲ್ಲಿ ಮೀನು ಹಿಡಿಯಲು ಹಣ ಕೊಟ್ಟು ಪರವಾನಗಿ ಪಡೆಯಬೇಕು. ಇದಕ್ಕಾಗಿ ನೌರು ಮತ್ತು ಸುತ್ತಲಿನ ದ್ವೀಪ ದೇಶಗಳು 1982ರಲ್ಲೇ ಒಂದಾಗಿ ಒಪ್ಪಂದ ಮಾಡಿಕೊಂಡವು. ಒಬ್ಬೊಬ್ಬರೇ ಕೇಳಿದರೆ ಕಡಿಮೆ ಬೆಲೆ, ಒಟ್ಟಾಗಿ ಕೇಳಿದರೆ ಒಳ್ಳೆಯ ಬೆಲೆ.

ಇನ್ನೊಂದು ಆದಾಯ ಆಸ್ಟ್ರೇಲಿಯಾದಿಂದ ಬರುತ್ತದೆ. ದೋಣಿಯಲ್ಲಿ ಆಶ್ರಯ ಕೇಳಿ ಬಂದ ಜನರನ್ನು ಆಸ್ಟ್ರೇಲಿಯಾ 2001ರಿಂದ ನೌರುವಿಗೆ ಕಳಿಸಿತು. 2008ರಲ್ಲಿ ನಿಲ್ಲಿಸಿ, 2012ರಲ್ಲಿ ಮತ್ತೆ ಶುರು ಮಾಡಿತು. ಇದರಿಂದ ನೌರುವಿಗೆ ಹಣ, ಕೆಲಸ ಸಿಕ್ಕಿತು. ಆದರೆ ಅಲ್ಲಿ ಸಿಕ್ಕಿಕೊಂಡವರು ಪಟ್ಟ ಪಾಡನ್ನು ನೋಡಿ ಪ್ರಪಂಚದ ಬಹಳ ಜನ ಇದು ಸರಿಯಲ್ಲ ಎಂದರು.

2015ರಲ್ಲಿ ನೌರು ಮತ್ತೆ ಒಂದು ನಿಧಿ ಶುರು ಮಾಡಿದೆ. ಮುಂದಿನ ಪೀಳಿಗೆಗೆ ಅಂತಲೇ ಇಟ್ಟ ಹಣ ಅದು. ಈ ಸಲ ಒಬ್ಬರೇ ಮುಟ್ಟುವಂತಿಲ್ಲ. ಜೊತೆಗೆ ಹಣ ಹಾಕುವ ಬೇರೆಯವರೂ ಕಣ್ಣಿಟ್ಟಿರುತ್ತಾರೆ.

ಮುಂದೆ ಇನ್ನೊಂದು ಕಷ್ಟ ಕಾದಿದೆ. ಭೂಮಿ ಬಿಸಿಯಾಗಿ ಸಮುದ್ರ ಮೇಲೇರುತ್ತಿದೆ. ಜನರ ಮನೆಗಳು ಇರುವುದು ಸಮುದ್ರದ ಅಂಚಿನಲ್ಲಿ. ಎತ್ತರಕ್ಕೆ ಹೋಗೋಣ ಎಂದರೆ ಎತ್ತರದ ನೆಲವೇ ಅಗೆದು ಹಾಳಾಗಿದೆ. ಆ ನೆಲವನ್ನು ಮಟ್ಟ ಮಾಡಿ, ಮತ್ತೆ ಅಲ್ಲಿ ಊರು ಕಟ್ಟಬೇಕು ಎಂಬ ಯೋಜನೆ ಹಾಕಿಕೊಂಡಿದ್ದಾರೆ. ಹಿಂದೆ ಮಾರಿದ ನೆಲವೇ ಈಗ ಅವರಿಗೆ ಬೇಕಾಗಿದೆ.

ಮಾತಾಡೋಣ

1. ನೌರುವಿನ ನಿಧಿ ಕರಗಿದ್ದು ಹೇಗೆ? ಜನ ಯಾವಾಗ, ಯಾರನ್ನು, ಏನು ಕೇಳಬೇಕಿತ್ತು?

2. ಹಾಲು ಮಾರುವುದಕ್ಕೂ ಹಸು ಮಾರುವುದಕ್ಕೂ ಏನು ವ್ಯತ್ಯಾಸ? ನಿಮ್ಮ ಊರಿನ ಮರಳು, ಕಲ್ಲು, ಮಣ್ಣು, ನೀರು ಇವುಗಳಲ್ಲಿ ಯಾವುದು ಹಾಲು, ಯಾವುದು ಹಸು?

3. ನಿಮ್ಮ ಸಂಘದ ಲೆಕ್ಕದ ಪುಸ್ತಕ ಯಾರ ಹತ್ತಿರ ಇದೆ? ಈಗ ನಿಮಗೆ ಓದಲು ಬರುತ್ತದೆ. ಮುಂದಿನ ಸಭೆಯಲ್ಲಿ ಅದನ್ನು ತೆಗೆದು, ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಓದಿ.